ಕೊನೆಯ ಮೂರು ಬಿಂದುಗಳು

ಔಷಧವೊಂದು ದೇಹದೊಳಗೆ ಹೇಗೆ ಏರಿ ಹೇಗೆ ಇಳಿಯುತ್ತದೆ ಎಂಬುದನ್ನು ಲೆಕ್ಕ ಹಾಕುವುದು ನನ್ನ ವೃತ್ತಿ. ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲ ದಿನ ಕೊಡುವುದು ಹೆಸರಿಲ್ಲದ ಒಬ್ಬ ವ್ಯಕ್ತಿಯ ಹನ್ನೊಂದು ಅಂಕಿಗಳನ್ನು. ರಾಬರ್ಟ್ ಅಪ್ಟನ್ ಎಂಬ ವಿಜ್ಞಾನಿ ನಡೆಸಿದ ಥಿಯೋಫಿಲಿನ್ ಅಧ್ಯಯನದಲ್ಲಿ ಹನ್ನೆರಡು ಜನ ಭಾಗವಹಿಸಿದ್ದರು, ಅವರಲ್ಲಿ ಈತ ಒಂದನೆಯ ಸಂಖ್ಯೆಯವನು. ಅವರೆಲ್ಲರ ಅಳತೆಗಳು ‘ಆರ್’ ಎಂಬ ಉಚಿತ ಸಂಖ್ಯಾಶಾಸ್ತ್ರ ತಂತ್ರಾಂಶದೊಳಗೇ ಸೇರಿಕೊಂಡಿರುವುದರಿಂದ, ಯಾರು ಬೇಕಾದರೂ ತೆರೆದು ನೋಡಬಹುದು. ನಾನು ಇಲ್ಲಿ ಮಾಡುವ ಪ್ರತಿಯೊಂದು ಲೆಕ್ಕವನ್ನೂ ಓದುಗರು ತಾವೇ ಪರೀಕ್ಷಿಸಬಹುದು.

ಥಿಯೋಫಿಲಿನ್ ಬಹಳ ಕಾಲ ಆಸ್ತಮಾದ ಮುಖ್ಯ ಔಷಧಗಳಲ್ಲಿ ಒಂದಾಗಿತ್ತು. ಚಹಾ ಎಲೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಈ ವಸ್ತುವನ್ನು 1888ರಲ್ಲಿ ಆಲ್ಬ್ರೆಕ್ಟ್ ಕೊಸೆಲ್ ಬೇರ್ಪಡಿಸಿದರು. ಗುಣ ಕೊಡುವ ಮಟ್ಟಕ್ಕೂ ಕೆಡುಕು ಮಾಡುವ ಮಟ್ಟಕ್ಕೂ ನಡುವೆ ಹೆಚ್ಚು ಅಂತರವಿಲ್ಲದ ಔಷಧವಾದ್ದರಿಂದ, ಅದು ರಕ್ತದಿಂದ ಎಷ್ಟು ಬೇಗ ಇಳಿಯುತ್ತದೆ ಎಂಬ ಪ್ರಶ್ನೆ ಇಲ್ಲಿ ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ.

ನಮ್ಮ ಒಂದನೆಯ ವ್ಯಕ್ತಿಯ ತೂಕ 79.6 ಕಿಲೊ. ತೂಕದ ಪ್ರತಿ ಕಿಲೊಗೆ 4.02 ಮಿಲಿಗ್ರಾಂ ಲೆಕ್ಕದಲ್ಲಿ, ಅಂದರೆ ಒಟ್ಟು 320 ಮಿಲಿಗ್ರಾಂ ಔಷಧವನ್ನು ಆತನಿಗೆ ಬಾಯಿಯ ಮೂಲಕ ಕೊಡಲಾಯಿತು. ಔಷಧ ಕೊಡುವ ಹೊತ್ತಿಗೇ ರಕ್ತದಲ್ಲಿ ಲೀಟರಿಗೆ 0.74 ಮಿಲಿಗ್ರಾಂ ಇತ್ತು, 1.12 ಗಂಟೆಗೆ ಅದು 10.50ಕ್ಕೆ ಏರಿತು, ಅದೇ ಗರಿಷ್ಠ. ಅಲ್ಲಿಂದ ಇಳಿಯುತ್ತಾ 5.10 ಗಂಟೆಗೆ 8.36, 7.03 ಗಂಟೆಗೆ 7.47, 9.05 ಗಂಟೆಗೆ 6.89, 12.12 ಗಂಟೆಗೆ 5.94, ಕಡೆಗೆ 24.37 ಗಂಟೆಗೆ 3.28. ಅದರ ಮುಂದೆ ರಕ್ತದ ಮಾದರಿ ಇಲ್ಲ.

ಇಳಿಯುವ ಭಾಗದಲ್ಲಿ ದೇಹವು ಗಂಟೆಗೆ ಇಷ್ಟೇ ಮಿಲಿಗ್ರಾಂ ಎಂದು ಹೊರಹಾಕುವುದಿಲ್ಲ, ಇದ್ದುದರಲ್ಲಿ ಇಂತಿಷ್ಟು ಪಾಲು ಎಂದು ಹೊರಹಾಕುತ್ತದೆ. ಚಕ್ರಬಡ್ಡಿಯಲ್ಲಿ ಸಾಲ ಬೆಳೆಯುವ ಕ್ರಮವನ್ನೇ ತಿರುವುಮುರುವು ಮಾಡಿದರೆ ಈ ಇಳಿಕೆ ಸಿಗುತ್ತದೆ. ಹೀಗಾಗಿ ಸಾಂದ್ರತೆಯ ಬದಲು ಅದರ ಸ್ವಾಭಾವಿಕ ಲಾಗರಿದಮ್ಮನ್ನು ಕಾಲದೆದುರು ಗುರುತು ಹಾಕಿದಾಗ ಕೊನೆಯ ಭಾಗ ಸರಳರೇಖೆಯಾಗುತ್ತದೆ. ಆ ರೇಖೆಯ ಇಳಿಜಾರನ್ನು ನಾವು ಲ್ಯಾಂಬ್ಡಾ-ಝಡ್ ಎನ್ನುತ್ತೇವೆ, 0.693ನ್ನು ಅದರಿಂದ ಭಾಗಿಸಿದರೆ ಅರ್ಧಾಯು, ಅಂದರೆ ಸಾಂದ್ರತೆ ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಸಿಗುತ್ತದೆ. ಔಷಧಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾವು ಇದನ್ನು ಸೆಮಿಲಾಗ್, ಅಂದರೆ ಒಂದು ಅಕ್ಷ ಮಾತ್ರ ಲಾಗರಿದಮ್ ಅಳತೆಯಲ್ಲಿರುವ, ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಚುಕ್ಕಿ ಇಟ್ಟು, ಪಾರದರ್ಶಕ ಅಳತೆಪಟ್ಟಿಯನ್ನು ಹಿಂದೆ ಮುಂದೆ ಸರಿಸಿ, ಯಾವ ಚುಕ್ಕಿಯಿಂದ ರೇಖೆ ಶುರುವಾಗುತ್ತದೆ ಎಂದು ಕಣ್ಣಿನಿಂದಲೇ ತೀರ್ಮಾನಿಸಿ ಮಾಡುತ್ತಿದ್ದೆವು. ಆ ಅಭ್ಯಾಸದ ಬೆಲೆ ನನಗೆ ಗೊತ್ತಾದದ್ದು ಅಳತೆಪಟ್ಟಿ ಬಿಟ್ಟು ತಂತ್ರಾಂಶ ಹಿಡಿದ ಮೇಲೆ.

ಈಗ ಲೆಕ್ಕಕ್ಕೆ ಬರೋಣ. ಕೊನೆಯ ಮೂರು ಬಿಂದುಗಳ ಮೇಲೆ ರೇಖೆ ಎಳೆದರೆ ಇಳಿಜಾರು ಗಂಟೆಗೆ 0.0485, ಅರ್ಧಾಯು 14.3 ಗಂಟೆ. ರೇಖೆಯು ಬಿಂದುಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಹೇಳುವ ಆರ್-ಸ್ಕ್ವೇರ್ 0.9999ಕ್ಕೂ ಮೇಲಿದೆ. ಕೊನೆಯ ನಾಲ್ಕು ಬಿಂದುಗಳನ್ನು ತೆಗೆದುಕೊಂಡರೆ ಅರ್ಧಾಯು 14.5 ಗಂಟೆ, ಐದನ್ನು ತೆಗೆದುಕೊಂಡರೆ 14.4 ಗಂಟೆ. ಇಷ್ಟು ನೋಡಿದ ಹೊಸಬರು ಸಾಮಾನ್ಯವಾಗಿ ಸಮಾಧಾನದಿಂದ ಪೆನ್ನು ಕೆಳಗಿಡುತ್ತಾರೆ. ಮೂರು ರೀತಿಯಲ್ಲಿ ಮಾಡಿದರೂ ಉತ್ತರ ಒಂದೇ ಬರುತ್ತಿದೆ, ರೇಖೆಯೂ ಬಿಂದುಗಳ ಮೇಲೆಯೇ ಕೂತಿದೆ, ಇನ್ನೇನು ಬೇಕು ಎಂಬುದು ಅವರ ಭಾವನೆ. ನಾನು ಆಗ ಅವರಿಗೆ ಒಂದೇ ಒಂದು ಅಂಕಿಯನ್ನು ಬದಲಿಸಿ ಮತ್ತೆ ಲೆಕ್ಕ ಮಾಡಲು ಹೇಳುತ್ತೇನೆ.

ಪ್ರಯೋಗಾಲಯದಲ್ಲಿ ಔಷಧದ ಸಾಂದ್ರತೆಯನ್ನು ಅಳೆಯುವ ಯಾವ ವಿಧಾನವೂ ನಿಖರ ಸತ್ಯವನ್ನು ಕೊಡುವುದಿಲ್ಲ. ಇಂದು ಪಾಲಿಸುತ್ತಿರುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಶೇಕಡಾ 15ರಷ್ಟು ಆಚೀಚೆಯಾದರೂ ವಿಧಾನವನ್ನು ಒಪ್ಪಬಹುದು. ಅಳೆಯಬಲ್ಲ ಅತಿ ಕಡಿಮೆ ಮಟ್ಟದಲ್ಲಿ ಈ ಮಿತಿ ಶೇಕಡಾ 20. ಹಾಗಾದರೆ 24.37ನೇ ಗಂಟೆಯ ಮಾದರಿ 3.28ರ ಬದಲು ಶೇಕಡಾ 10ರಷ್ಟು ಕಡಿಮೆ, ಅಂದರೆ 2.95 ಎಂದು ಬಂದಿದ್ದರೆ? ಅರ್ಧಾಯು 12.4 ಗಂಟೆಗೆ ಇಳಿಯುತ್ತದೆ. ಶೇಕಡಾ 10ರಷ್ಟು ಹೆಚ್ಚಾಗಿ 3.61 ಎಂದು ಬಂದಿದ್ದರೆ ಅರ್ಧಾಯು 16.6 ಗಂಟೆಗೆ ಏರುತ್ತದೆ. ಒಂದೇ ಮಾದರಿಯಲ್ಲಿ, ಮಾರ್ಗಸೂಚಿ ಒಪ್ಪುವ ಮಿತಿಯ ಒಳಗೇ ಆದ ವ್ಯತ್ಯಾಸದಿಂದ, ಉತ್ತರ ನಾಲ್ಕು ಗಂಟೆಗೂ ಹೆಚ್ಚು ತೂಗಾಡಿತು. ಹೊಸಬರು ಬೆರಗಾಗುವುದು ಇದಕ್ಕಿಂತ ಹೆಚ್ಚಾಗಿ ಮುಂದಿನ ಮಾತಿಗೆ: ಆ ಎರಡೂ ಸಂದರ್ಭಗಳಲ್ಲಿ ಆರ್-ಸ್ಕ್ವೇರ್ 0.999ಕ್ಕಿಂತ ಕೆಳಗಿಳಿಯುವುದೇ ಇಲ್ಲ. ಅಂದರೆ ಉತ್ತರ ಸರಿಯಿದ್ದಾಗಲೂ ತಪ್ಪಿದಾಗಲೂ ಆ ಸಂಖ್ಯೆ ಒಂದೇ ಧ್ವನಿಯಲ್ಲಿ ‘ಚೆನ್ನಾಗಿದೆ’ ಎನ್ನುತ್ತದೆ.

ಕಾರಣ ಸರಳವಾದದ್ದು. ಎರಡು ಬಿಂದುಗಳು 9 ಮತ್ತು 12 ಗಂಟೆಗಳ ಹತ್ತಿರ ಒಟ್ಟಿಗೆ ಇವೆ, ಮೂರನೆಯದು ಅವುಗಳಿಂದ ಹನ್ನೆರಡು ಗಂಟೆ ದೂರದಲ್ಲಿ ಒಂಟಿಯಾಗಿ ನಿಂತಿದೆ. ಏತದ ಉದ್ದನೆಯ ಕೋಲಿನ ತುದಿ ಹಿಡಿದವನು ಎತ್ತ ಜಗ್ಗಿದರೆ ಕೋಲು ಅತ್ತ ವಾಲುವಂತೆ, ರೇಖೆಯ ಓಟವನ್ನು ಆ ಒಂಟಿ ಬಿಂದುವೇ ನಿರ್ಧರಿಸುತ್ತದೆ. ರೇಖೆ ಅದರ ಮೇಲೆಯೇ ಹಾದುಹೋಗುವುದರಿಂದ ಹೊಂದಾಣಿಕೆ ಯಾವಾಗಲೂ ಸೊಗಸಾಗಿ ಕಾಣುತ್ತದೆ. ನಾಲ್ಕು, ಐದು ಬಿಂದು ಸೇರಿಸಿದರೂ ಉತ್ತರ ಬದಲಾಗಲಿಲ್ಲ ಎಂಬ ಸಮಾಧಾನವೂ ಇದೇ ಕಾರಣಕ್ಕೆ ಟೊಳ್ಳು, ಏಕೆಂದರೆ ಮೂರೂ ಲೆಕ್ಕಗಳಲ್ಲಿ ಕೋಲಿನ ತುದಿ ಹಿಡಿದಿದ್ದುದು ಅದೇ 24.37ನೇ ಗಂಟೆ.

ಈ ದತ್ತಾಂಶದಲ್ಲಿ ಅಳತೆಯ ಏರುಪೇರು ನಿಜವಾಗಿ ಎಷ್ಟಿದೆ ಎಂದು ತಿಳಿಯಲು ಅಕ್ಕಪಕ್ಕದ ಎರಡೆರಡೇ ಬಿಂದುಗಳನ್ನು ಹಿಡಿದು ಅರ್ಧಾಯು ಲೆಕ್ಕ ಹಾಕಿದರೆ ಸಾಕು. 3.82ನೇ ಗಂಟೆಯ 8.58ರಿಂದ 5.10ನೇ ಗಂಟೆಯ 8.36ಕ್ಕೆ ಇಳಿದದ್ದನ್ನು ನಂಬಿದರೆ ಅರ್ಧಾಯು 34 ಗಂಟೆ. ಅದರ ಮುಂದಿನ ಜೋಡಿಯನ್ನು, ಅಂದರೆ 8.36ರಿಂದ 7.47ಕ್ಕೆ ಆದ ಇಳಿಕೆಯನ್ನು ನಂಬಿದರೆ 11.9 ಗಂಟೆ. ಒಬ್ಬನೇ ಮನುಷ್ಯನ ದೇಹ ಎರಡು ಗಂಟೆಯಲ್ಲಿ ತನ್ನ ಸ್ವಭಾವವನ್ನು ಹೀಗೆ ಬದಲಿಸಿಕೊಳ್ಳುವುದಿಲ್ಲ. ಇಂಥ ಅಲುಗಾಟದ ನಡುವೆ ಕೊನೆಯ ಎರಡು ಜೋಡಿಗಳು ಮಾತ್ರ 0.0483 ಮತ್ತು 0.0485 ಎಂದು ಬಹುಪಾಲು ಒಂದೇ ಇಳಿಜಾರು ಕೊಟ್ಟಿರುವುದರಲ್ಲಿ ಆಕಸ್ಮಿಕದ ಪಾಲೂ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಆರ್-ಸ್ಕ್ವೇರಿಗಿಂತ ಮೊದಲು ನಾನು ನೋಡುವುದು ರೇಖೆ ಎಷ್ಟು ಅರ್ಧಾಯುಗಳ ಉದ್ದಕ್ಕೆ ಹರಡಿದೆ ಎಂಬುದನ್ನು. ಇಲ್ಲಿ 9.05ರಿಂದ 24.37ರವರೆಗೆ 15.32 ಗಂಟೆ, 14.3 ಗಂಟೆಯ ಅರ್ಧಾಯುವಿಗೆ ಹೋಲಿಸಿದರೆ ಒಂದಕ್ಕಿಂತ ತುಸು ಮಾತ್ರ ಹೆಚ್ಚು. ಕನಿಷ್ಠ ಎರಡು ಅರ್ಧಾಯುಗಳಷ್ಟಾದರೂ ಹರಡಿರಬೇಕು ಎಂಬುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಮಾತು. ಶೇಕಡಾ 10ರ ತಪ್ಪು ಸಣ್ಣ ಹರವಿನಲ್ಲಿ ಇಳಿಜಾರನ್ನು ಬಹಳ ಬದಲಿಸುತ್ತದೆ, ಅದೇ ತಪ್ಪು ಎರಡು ಮೂರು ಅರ್ಧಾಯುಗಳ ಹರವಿನಲ್ಲಿ ಕರಗಿಹೋಗುತ್ತದೆ.

ಅರ್ಧಾಯು ಒಂದೆರಡು ಗಂಟೆ ತಪ್ಪಿದರೆ ಏನಾಯಿತು ಎಂದು ಕೇಳುವವರಿದ್ದಾರೆ. ಕೆಲವು ಉಪಯೋಗಗಳಿಗೆ ನಿಜವಾಗಿಯೂ ಏನೂ ಆಗುವುದಿಲ್ಲ. ಒಂದು ಔಷಧದ ಎರಡು ತಯಾರಿಕೆಗಳನ್ನು ಒಬ್ಬರಲ್ಲೇ ಹೋಲಿಸುವಾಗ ನಡುವೆ ಕನಿಷ್ಠ ಐದು ಅರ್ಧಾಯುಗಳ ಬಿಡುವು ಕೊಡುವುದು ನಿಯಮ, 12.4 ಗಂಟೆಯಾದರೆ 62 ಗಂಟೆ, 16.6 ಆದರೆ 83 ಗಂಟೆ, ವಾಡಿಕೆಯಂತೆ ಒಂದು ವಾರ ಬಿಟ್ಟರೆ ಎರಡೂ ಅದರೊಳಗೆ ಅಡಗುತ್ತವೆ. ಆದರೆ ರೇಖೆಯನ್ನು ಮುಂದಕ್ಕೆ, ಮಾದರಿಯೇ ಇಲ್ಲದ ಕಾಲಕ್ಕೆ ಚಾಚಿ, ದೇಹ ಒಟ್ಟು ಎಷ್ಟು ಔಷಧಕ್ಕೆ ಒಡ್ಡಿಕೊಂಡಿತು ಎಂದು ಹೇಳಹೊರಟಾಗ ಮಾತು ಬೇರೆ. ಸಾಂದ್ರತೆಯ ವಕ್ರರೇಖೆಯ ಕೆಳಗಿನ ವಿಸ್ತೀರ್ಣವನ್ನು, ನಮ್ಮ ಮಾತಿನಲ್ಲಿ ಎಯುಸಿಯನ್ನು, ಸಮಲಂಬಗಳಾಗಿ ಕತ್ತರಿಸಿ ಕೂಡಿದರೆ ಈತನಲ್ಲಿ ಕೊನೆಯ ಮಾದರಿಯವರೆಗೆ 148.9 ಬರುತ್ತದೆ. ಅದರಾಚೆಯ ಭಾಗವನ್ನು ಕೊನೆಯ ಸಾಂದ್ರತೆಯನ್ನು ಇಳಿಜಾರಿನಿಂದ ಭಾಗಿಸಿ ಅಂದಾಜಿಸುತ್ತೇವೆ; ಅದು 67.7. ಒಟ್ಟು 216.6ರಲ್ಲಿ ಶೇಕಡಾ 31ರಷ್ಟು ಯಾರೂ ಅಳೆಯದ, ಆ ಒಂದು ರೇಖೆಯ ಭರವಸೆಯ ಮೇಲೆ ನಿಂತ ಭಾಗ. ಕೊನೆಯ ಮಾದರಿಯನ್ನು ಮೊದಲಿನಂತೆ ಶೇಕಡಾ 10 ಆಚೀಚೆ ಮಾಡಿದರೆ ಒಟ್ಟು ಮೊತ್ತ 200ರಿಂದ 237ರವರೆಗೆ ಓಡಾಡುತ್ತದೆ. ಅಳೆದ ಭಾಗ ಒಟ್ಟಿನ ಶೇಕಡಾ 80ಕ್ಕೆ ಕಡಿಮೆಯಿರಬಾರದು, ಅಂತಿಮ ಹಂತದಲ್ಲಿ ಕನಿಷ್ಠ ಮೂರು ನಾಲ್ಕು ಮಾದರಿಗಳಿರಬೇಕು ಎಂದು 2010ರ ಯುರೋಪಿನ ಮಾರ್ಗಸೂಚಿ ಹೇಳಿರುವುದರ ಹಿಂದೆ ಇರುವುದು ಇದೇ ಎಚ್ಚರ.

ಆರಂಭದ 0.74ನ್ನೂ ಮರೆಯಬಾರದು. ಅದು ಗರಿಷ್ಠ ಸಾಂದ್ರತೆಯ ಶೇಕಡಾ 7. ಒಂದೇ ಔಷಧದ ಎರಡು ತಯಾರಿಕೆಗಳನ್ನು ಹೋಲಿಸುವ ಇಂದಿನ ಸಮಾನತೆಯ ಅಧ್ಯಯನಗಳಲ್ಲಿ ಶೇಕಡಾ 5 ಮೀರಿದರೆ ಆ ವ್ಯಕ್ತಿಯ ಅಂಕಿಗಳನ್ನು ಕೈಬಿಡಬೇಕು. ಅದು ಹಿಂದೆ ತೆಗೆದುಕೊಂಡ ಥಿಯೋಫಿಲಿನ್ ಉಳಿಕೆಯೇ ಆಗಿದ್ದರೆ ಇಳಿಜಾರಿಗೆ ತೊಂದರೆಯಿಲ್ಲ, ಏಕೆಂದರೆ ಹಳೆಯ ಔಷಧವೂ ಹೊಸದರ ವೇಗದಲ್ಲೇ ಇಳಿಯುತ್ತದೆ. ವಿಸ್ತೀರ್ಣ ಮಾತ್ರ ಶೇಕಡಾ 7ರಿಂದ 8ರಷ್ಟು ಉಬ್ಬಿರುತ್ತದೆ.

ಈ ಲೆಕ್ಕವನ್ನು ಮಾಡುವ ತಂತ್ರಾಂಶಗಳು ಹೆಚ್ಚಿನವು ಒಂದೇ ದಾರಿ ಹಿಡಿಯುತ್ತವೆ. ಕೊನೆಯ ಮೂರು ಬಿಂದುಗಳಿಂದ ಆರಂಭಿಸಿ, ಒಂದೊಂದೇ ಬಿಂದುವನ್ನು ಹಿಂದಿನಿಂದ ಸೇರಿಸುತ್ತಾ ಗರಿಷ್ಠ ಬಿಂದುವಿನ ಮುನ್ನ ನಿಂತು, ಬಿಂದುಗಳ ಸಂಖ್ಯೆಗೆ ತಕ್ಕಂತೆ ಸರಿಪಡಿಸಿದ ಆರ್-ಸ್ಕ್ವೇರ್ ಎಲ್ಲಿ ಅತಿ ಹೆಚ್ಚೋ ಆ ಗುಂಪನ್ನು ಆರಿಸುತ್ತವೆ. ಇದರಲ್ಲಿ ತಪ್ಪೇನಿಲ್ಲ, ಸಾವಿರ ವಕ್ರರೇಖೆಗಳಿಗೆ ಒಂದೇ ನಿಯಮ ಅನ್ವಯಿಸುವುದರಿಂದ ಮನುಷ್ಯನ ಪಕ್ಷಪಾತ ತಪ್ಪುತ್ತದೆ, ಅದು ದೊಡ್ಡ ಲಾಭ. ಆದರೆ ಆ ನಿಯಮಕ್ಕೆ ಔಷಧ ಗೊತ್ತಿಲ್ಲ.

ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಒಂದು ಕೋಷ್ಟಕವನ್ನು ಗ್ರಾಫುಗಳನ್ನು ಬಿಡಿಬಿಡಿಯಾಗಿ ನೋಡದೆಯೇ ಮುಂದಕ್ಕೆ ಕಳುಹಿಸಿದ್ದೆ. ಅದರಲ್ಲಿ ಒಬ್ಬರ ಅರ್ಧಾಯು ಉಳಿದವರದರ ಮೂರು ಪಟ್ಟು ಇತ್ತು. ನಮ್ಮ ಹಿರಿಯ ಸಹೋದ್ಯೋಗಿ ಅದನ್ನು ನನ್ನ ಮೇಜಿನ ಮೇಲಿಟ್ಟು, “ಇವರ ಲಾಗ್ ಗ್ರಾಫ್ ನೋಡಿದ್ದೀರಾ, ಮೇಡಂ?” ಎಂದು ಮೆಲ್ಲಗೆ ಕೇಳಿದರು. ತೆರೆದು ನೋಡಿದರೆ, ಊಟದ ನಂತರ ಸಾಂದ್ರತೆ ಮತ್ತೊಮ್ಮೆ ಉಬ್ಬಿತ್ತು. ಪಿತ್ತರಸದೊಂದಿಗೆ ಕರುಳಿಗೆ ಇಳಿದು ಮತ್ತೆ ರಕ್ತಕ್ಕೆ ಹೀರಿಕೊಳ್ಳುವ ಔಷಧಗಳಲ್ಲಿ ಹೀಗಾಗುವುದು ಸಹಜ. ಕೊಲೆಸ್ಟರಾಲಿಗೆ ಕೊಡುವ ಎಜೆಟಿಮೈಬ್, ಮೂತ್ರಪಿಂಡ ಕಸಿಯಾದವರು ತೆಗೆದುಕೊಳ್ಳುವ ಮೈಕೊಫಿನೊಲೇಟ್ ಇದಕ್ಕೆ ಹೆಸರಾದವು. ತಂತ್ರಾಂಶ ಆ ಉಬ್ಬನ್ನೂ ಸೇರಿಸಿ ಒಂದು ಮೆಲ್ಲನೆಯ ಇಳಿಜಾರು ಎಳೆದಿತ್ತು, ನಾನು ಅದಕ್ಕೆ ಸಹಿ ಹಾಕಿದ್ದೆ. ಅಂದಿನಿಂದ ಇಂದಿನವರೆಗೆ ನನ್ನ ಕೈಯಿಂದ ಹೊರಹೋಗುವ ಪ್ರತಿ ರೇಖೆಯನ್ನೂ ನಾನು ಕಣ್ಣಾರೆ ನೋಡುತ್ತೇನೆ. ಜೊತೆಗೆ ಇನ್ನೊಂದು ಶಿಸ್ತನ್ನೂ ಪಾಲಿಸುತ್ತೇನೆ: ಬಿಂದುಗಳನ್ನು ಕೈಯಾರೆ ಬದಲಿಸಬೇಕಾಗಿ ಬಂದರೆ, ಯಾರಿಗೆ ಯಾವ ತಯಾರಿಕೆ ಕೊಡಲಾಗಿತ್ತು ಎಂಬುದು ನನಗೆ ತಿಳಿಯುವ ಮೊದಲೇ ಬದಲಿಸಿ, ಕಾರಣವನ್ನು ಬರೆದಿಡುತ್ತೇನೆ. ಉತ್ತರ ಗೊತ್ತಿದ್ದವರ ಕಣ್ಣು ತನಗೆ ಬೇಕಾದ ರೇಖೆಯನ್ನೇ ಕಾಣುತ್ತದೆ.

ರೇಖೆ ಸರಿಯಾಗಿಯೇ ಸಿಕ್ಕರೂ ಅದು ನಾವು ಅಂದುಕೊಂಡದ್ದನ್ನೇ ಅಳೆಯುತ್ತಿದೆ ಎಂಬ ಖಾತ್ರಿಯಿಲ್ಲ. ಮನೋರೋಗಕ್ಕೆ ಕೊಡುವ ಪಾಲಿಪೆರಿಡೋನ್ ಬಾಯಿಯ ಮೂಲಕ ಕೊಟ್ಟಾಗ ಸುಮಾರು 23 ಗಂಟೆಯ ಅರ್ಧಾಯು ತೋರಿಸುತ್ತದೆ. ತಿಂಗಳಿಗೊಮ್ಮೆ ಸ್ನಾಯುವಿಗೆ ಚುಚ್ಚುವ ಅದರ ರೂಪದಲ್ಲಿ ಅಂತಿಮ ಇಳಿಜಾರಿನ ಅರ್ಧಾಯು 25ರಿಂದ 49 ದಿನ. ದೇಹ ಔಷಧವನ್ನು ಹೊರಹಾಕುವ ಶಕ್ತಿ ಬದಲಾಗಿಲ್ಲ. ಸ್ನಾಯುವಿನಲ್ಲಿ ಕೂತ ದಾಸ್ತಾನು ನಿಧಾನವಾಗಿ ಕರಗಿ ರಕ್ತಕ್ಕೆ ಬರುತ್ತಿರುವ ವೇಗವೇ ಅಲ್ಲಿ ಇಳಿಜಾರಾಗಿ ಕಾಣುತ್ತದೆ. ಒಳಬರುವ ದಾರಿ ಹೊರಹೋಗುವ ದಾರಿಗಿಂತ ಕಿರಿದಾದಾಗಲೆಲ್ಲ ಹೀಗೆ ಪಾತ್ರಗಳು ಅದಲುಬದಲಾಗುತ್ತವೆ, ಮತ್ತು ಗ್ರಾಫನ್ನು ಎಷ್ಟೇ ದಿಟ್ಟಿಸಿದರೂ ಅದು ಗೊತ್ತಾಗುವುದಿಲ್ಲ. ಅದೇ ಔಷಧವನ್ನು ರಕ್ತನಾಳಕ್ಕೆ ನೇರವಾಗಿ, ಇಲ್ಲವೇ ಬೇಗ ಕರಗುವ ರೂಪದಲ್ಲಿ ಕೊಟ್ಟು ಹೋಲಿಸಿ ನೋಡಬೇಕು.

ಜೆಂಟಾಮೈಸಿನ್ ಎಂಬ ಪ್ರತಿಜೀವಕ ಕಲಿಸುವ ಪಾಠ ಇನ್ನೊಂದು ಬಗೆಯದು. ಮೂತ್ರಪಿಂಡ ಆರೋಗ್ಯವಾಗಿರುವವರಲ್ಲಿ ಇದರ ಅರ್ಧಾಯು ಎರಡು ಮೂರು ಗಂಟೆ ಎಂದು ವೈದ್ಯರು ಬಳಸುತ್ತಾರೆ, ಡೋಸಿನ ಲೆಕ್ಕಕ್ಕೆ ಅದು ಸರಿ. ಆದರೆ ಮೂತ್ರಪಿಂಡದ ಜೀವಕೋಶಗಳಿಗೆ ಅಂಟಿಕೊಂಡ ಔಷಧ ದಿನಗಟ್ಟಲೆ ಒಸರುತ್ತಿರುತ್ತದೆ, ಸಾಕಷ್ಟು ಸೂಕ್ಷ್ಮವಾದ ವಿಧಾನದಿಂದ ಸಾಕಷ್ಟು ದಿನ ಅಳೆದರೆ ಅಂತಿಮ ಅರ್ಧಾಯು ದಿನಗಳ ಲೆಕ್ಕದಲ್ಲಿ ಬರುತ್ತದೆ. ಯಂತ್ರ ಸೂಕ್ಷ್ಮವಾದಂತೆ ‘ಅಂತಿಮ’ ಎಂಬ ಪದದ ಅರ್ಥವೇ ಮುಂದೆ ಸರಿಯುತ್ತದೆ. ಆ ಕೊನೆಯ ಬಾಲದ ಕೆಳಗಿನ ವಿಸ್ತೀರ್ಣ ಒಟ್ಟಿನ ಸಣ್ಣ ಪಾಲಾಗಿದ್ದರೆ, ಮುಂದಿನ ಡೋಸ್ ಯಾವಾಗ ಎಂದು ನಿರ್ಧರಿಸಲು ಆ ಅರ್ಧಾಯುವನ್ನು ಬಳಸುವುದು ತಪ್ಪು. ಮೂತ್ರಪಿಂಡಕ್ಕೆ ಆಗಬಹುದಾದ ಹಾನಿಯನ್ನು ಯೋಚಿಸುವಾಗ ಆ ಬಾಲವನ್ನು ಮರೆಯುವುದೂ ತಪ್ಪು.

ಫೆನಿಟೋಯಿನ್‌ನಂಥ ಅಪಸ್ಮಾರದ ಔಷಧದಲ್ಲಿ ಈ ಚರ್ಚೆಗೇ ಅವಕಾಶ ಕಡಿಮೆ. ಚಿಕಿತ್ಸೆಯ ಮಟ್ಟದಲ್ಲೇ ಯಕೃತ್ತಿನ ಕಿಣ್ವಗಳು ತುಂಬಿಹೋಗುವುದರಿಂದ ಲಾಗ್ ಗ್ರಾಫ್ ಸರಳರೇಖೆಯಾಗದೆ ಹೊರಕ್ಕೆ ಬಾಗಿ ಇಳಿಯುತ್ತದೆ, ಒಂದು ಸ್ಥಿರ ಅರ್ಧಾಯು ಎಂಬುದೇ ಅಲ್ಲಿಲ್ಲ.

ಕಾಲದ ಕೊನೆಯಲ್ಲಿ ಅಳೆಯಬಲ್ಲ ಮಟ್ಟಕ್ಕಿಂತ ಕೆಳಗಿಳಿದ ಮಾದರಿಗಳ ಬಗ್ಗೆ ಒಂದು ಮಾತು. ಅವುಗಳನ್ನು ಸೊನ್ನೆ ಎಂದು ಬರೆದರೆ ಲಾಗರಿದಮ್ ಇಲ್ಲ, ಮಿತಿಯ ಅರ್ಧ ಎಂದು ಬರೆದರೆ ನಾವೇ ಸೃಷ್ಟಿಸಿದ ಅಂಕಿ ಕೋಲಿನ ತುದಿ ಹಿಡಿಯುತ್ತದೆ. ಇಳಿಜಾರಿನ ಲೆಕ್ಕದಿಂದ ಅವುಗಳನ್ನು ಹೊರಗಿಡುವುದೇ ಮೇಲು. ಮಿತಿಗೆ ಸ್ವಲ್ಪ ಮೇಲಿರುವ ಕೊನೆಯ ಬಿಂದುವೂ ಶೇಕಡಾ 20ರಷ್ಟು ಅಲುಗಬಹುದಾದ್ದರಿಂದ, ಅದು ಒಂಟಿಯಾಗಿ ದೂರದಲ್ಲಿದ್ದರೆ ನಾನು ಅದನ್ನು ಬಿಟ್ಟು ಒಮ್ಮೆ, ಇಟ್ಟುಕೊಂಡು ಒಮ್ಮೆ ಲೆಕ್ಕ ಹಾಕಿ ಎರಡನ್ನೂ ದಾಖಲಿಸುತ್ತೇನೆ.

ಮತ್ತೆ ನಮ್ಮ ಒಂದನೆಯ ವ್ಯಕ್ತಿಗೆ ಬಂದರೆ, ಆತನ ಸಾಲಿನ ಮುಂದೆ ಹೊಸಬರು ಬರೆಯಬೇಕೆಂದು ನಾನು ನಿರೀಕ್ಷಿಸುವುದು ಹೀಗೆ: ಅರ್ಧಾಯು 14.3 ಗಂಟೆ, ಮೂರು ಬಿಂದು, ಹರವು 1.07 ಅರ್ಧಾಯು, ಚಾಚಿದ ಭಾಗ ಶೇಕಡಾ 31, ಆದ್ದರಿಂದ ಸರಾಸರಿಯ ಲೆಕ್ಕಕ್ಕೆ ಸೇರಿಸಿಲ್ಲ. ಆಮೇಲೆ ಅವರಿಗೆ ಕೊನೆಯ ಪ್ರಶ್ನೆ ಕೇಳುತ್ತೇನೆ, ಅಧ್ಯಯನವನ್ನು ನೀವೇ ರೂಪಿಸಿದ್ದರೆ ಎಷ್ಟು ಹೊತ್ತಿಗೆ ರಕ್ತ ತೆಗೆಯುತ್ತಿದ್ದಿರಿ ಎಂದು. ಇದೇ ಇಳಿಜಾರನ್ನು ನಂಬಿ ಲೆಕ್ಕ ಮಾಡಿದರೆ, ಚಾಚಿದ ಭಾಗ ಶೇಕಡಾ 20ಕ್ಕೆ ಇಳಿಯಲು ಸಾಂದ್ರತೆ 2.1ಕ್ಕೆ ಬರಬೇಕು, ಅದು ಸುಮಾರು 33.6ನೇ ಗಂಟೆ. 9ನೇ ಗಂಟೆಯಿಂದ ಎರಡು ಅರ್ಧಾಯುಗಳ ಹರವು ಸಿಗಬೇಕಾದರೆ 38ನೇ ಗಂಟೆಯವರೆಗೆ ಕಾಯಬೇಕು. 24ರ ನಂತರ 30, 36 ಮತ್ತು 48ನೇ ಗಂಟೆಗಳಲ್ಲಿ ಇನ್ನು ಮೂರು ಮಾದರಿ ತೆಗೆದಿದ್ದರೆ ಒಂಟಿ ಬಿಂದುವಿಗೆ ಜೊತೆ ಸಿಗುತ್ತಿತ್ತು. ಅದರ ಬೆಲೆ ಮೂರು ಸಣ್ಣ ನಳಿಕೆ ರಕ್ತ, ಮತ್ತು ಆ ವ್ಯಕ್ತಿ ಇನ್ನೊಂದು ರಾತ್ರಿ ಮನೆಯಿಂದ ದೂರ ಉಳಿಯುವುದು ಇಲ್ಲವೇ ಮರುದಿನ ಮತ್ತೆ ಬಂದುಹೋಗುವುದು. ಆ ಬೆಲೆಯನ್ನು ತೆರುವವರು ನಾವಲ್ಲ, ಅವರು. ಹಾಗಾಗಿ ಯಾವ ಗಂಟೆಗೆ ಸೂಜಿ ಚುಚ್ಚಬೇಕು ಎಂಬುದನ್ನು ಅಧ್ಯಯನ ಆರಂಭವಾಗುವ ಮೊದಲೇ, ಇದೇ ಕಾಗದದ ಮೇಲೆ, ಹಿಂದಿನ ಅರ್ಧಾಯುಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುವಂತೆ ಅವರಿಗೆ ಹೇಳಿ ನಾನು ಎರಡನೆಯ ವ್ಯಕ್ತಿಯ ಅಂಕಿಗಳನ್ನು ಕೊಡುತ್ತೇನೆ.